ಆಸ್ಪತ್ರೆಯ ಜಗಲಿಯಲ್ಲಿ ಭಾವೀ ಉಪಾಧ್ಯಾಯಿನಿ

ಉಪಾಧ್ಯಾಯನಾಗಲು ಏನು ಬೇಕು? ವಿದ್ಯೆ ಬೇಕು, ತಾಳ್ಮೆ ಬೇಕು, ಜೊತೆಗೆ ಒಂದಿಷ್ಟು ಗಟ್ಟಿ ಗಂಟಲೂ ಬೇಕು ಎಂದು ಹಿಂದಿನವರು ಹೇಳುತ್ತಿದ್ದರು. ಇಂದು ಇವುಗಳೊಂದಿಗೆ ಬಿ.ಎಡ್. ಪದವಿ ಬೇಕು, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2015ರಿಂದ ಈಚೆಗೆ ಬಿ.ಎಡ್. ಶಿಕ್ಷಣವೂ ಎರಡು ವರ್ಷದ್ದಾಗಿದೆ. ಮಕ್ಕಳ ಮನಶ್ಶಾಸ್ತ್ರ, ಬೋಧನ ಕ್ರಮ, ಪಾಠ ಯೋಜನೆ ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಆದರೆ ಎದುರಿಗೆ ಕುಳಿತ ಮಗು ಬೆಳಗಿನ ಹತ್ತು ಗಂಟೆಗೇ ಏಕೆ ತೂಕಡಿಸುತ್ತಿದೆ, ಕರಿಹಲಗೆಯನ್ನು ಬಿಟ್ಟು ಪಕ್ಕದವನ ಪುಸ್ತಕವನ್ನು ಏಕೆ ಇಣುಕುತ್ತಿದೆ, ಹೆಸರು ಹಿಡಿದು ಕೂಗಿದರೂ ಏಕೆ ತಿರುಗಿ ನೋಡುವುದಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿ ಒಂದು ಬಗೆಯಾಗಿಯೂ ಬದುಕಿನಲ್ಲಿ ಇನ್ನೊಂದು ಬಗೆಯಾಗಿಯೂ ದೊರೆಯುತ್ತದೆ.

ಬದುಕಿನ ಉತ್ತರವನ್ನು ಹುಡುಕಿಕೊಂಡು ಹೋದ ಒಬ್ಬ ತರುಣಿಯ ಅನುಭವವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಆಕೆ ನಮ್ಮ ಕಾಲೇಜಿನಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿ ಬಿ.ಎ. ಮುಗಿಸಿದವಳು. ಹೆಸರು ಬೇಡ, ಆಕೆಗೂ ಅದು ಇಷ್ಟವಿಲ್ಲ. ಕಳೆದ ವರ್ಷ ಕೊನೆಯ ಪರೀಕ್ಷೆ ಮುಗಿದು ಬಿ.ಎಡ್. ಪ್ರವೇಶಕ್ಕಾಗಿ ಕಾಯುತ್ತ ಕುಳಿತ ನಾಲ್ಕು ತಿಂಗಳನ್ನು ಆಕೆ ಮನೆಯಲ್ಲಿ ಕಳೆಯಲಿಲ್ಲ. ಮಂಡ್ಯ ಜಿಲ್ಲೆಯ ಒಂದು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ವಯಂಸೇವಕಿಯಾಗಿ ದುಡಿದಳು. ಬೆಳಿಗ್ಗೆ ಒಂಬತ್ತಕ್ಕೆ ಬಸ್ಸಿನಲ್ಲಿ ಇಳಿದರೆ ಮಧ್ಯಾಹ್ನ ಒಂದೂವರೆಯ ಬಸ್ಸಿಗೆ ಹಿಂದಿರುಗುವಳು. ಸಂಬಳವಿಲ್ಲ, ಬಸ್ಸಿಗೆ ಈಗ ಹೆಂಗಸರು ಹಣ ತೆರಬೇಕಾಗಿಲ್ಲವಾದುದರಿಂದ ಖರ್ಚೂ ಇಲ್ಲ.

“ಕಾಯಿಲೆಯವರ ನಡುವೆ ನಿನಗೇನು ಕೆಲಸ?” ಎಂದು ತಾಯಿ ಗದರಿದರಂತೆ. “ಮೇಷ್ಟ್ರಾಗುವವಳಿಗೆ ಆಸ್ಪತ್ರೆಯ ಸಹವಾಸವೇಕೆ?” ಎಂದು ಸೋದರಮಾವ ನಕ್ಕರಂತೆ. ಆಕೆ ವಾದಿಸಲಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಕ್ಕೆಂದು ಅದೇ ಊರಿಗೆ ಹೋಗಿದ್ದಾಗ ಆಸ್ಪತ್ರೆಯ ಜಗಲಿಯ ತುಂಬ ಮಕ್ಕಳಿದ್ದುದನ್ನು ಆಕೆ ಕಂಡಿದ್ದಳು. “ನಾಳೆ ನನ್ನ ತರಗತಿಗೆ ಬರುವವರು ಇವರೇ ಅಲ್ಲವೆ, ಸಾರ್?” ಎಂದು ನನ್ನನ್ನು ಕೇಳಿದಳು. ವೈದ್ಯಾಧಿಕಾರಿಗಳು ಒಪ್ಪಿಕೊಂಡರು. ನಾನು ಎರಡು ಬಾರಿ ಅಲ್ಲಿಗೆ ಹೋಗಿ ನೋಡಿಬಂದೆ. ಉಳಿದುದೆಲ್ಲ ಆಕೆ ಹೇಳಿದುದು, ಮತ್ತು ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುದು.

ಮೂವತ್ತು ಸಾವಿರ ಜನಕ್ಕೊಂದು ಬಾಗಿಲು

ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ನಮ್ಮ ಹಳ್ಳಿಗಳಲ್ಲಿ ಈಗ ಬಾವಿಕಟ್ಟೆಯಷ್ಟೇ ಪರಿಚಿತವಾದ ಸ್ಥಳ. ಆದುದರಿಂದಲೇ ಅದರ ಹಿಂದೆ ಇರುವ ಯೋಚನೆಯನ್ನು ನಾವು ಮರೆತಿದ್ದೇವೆ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾದ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ರೋಗಿ ಆಸ್ಪತ್ರೆಯನ್ನು ಹುಡುಕಿಕೊಂಡು ಪಟ್ಟಣಕ್ಕೆ ಬರುವುದಲ್ಲ, ಆಸ್ಪತ್ರೆಯೇ ಅವನ ಊರಿನ ಬಳಿಗೆ ಹೋಗಬೇಕು. ರೋಗವನ್ನು ಗುಣಪಡಿಸುವ ಕೆಲಸ, ಬಾರದಂತೆ ತಡೆಯುವ ಕೆಲಸ ಎರಡೂ ಒಂದೇ ಸೂರಿನ ಕೆಳಗೆ ನಡೆಯಬೇಕು ಎಂಬುದು ಅದರ ತಿರುಳು. ಸ್ವಾತಂತ್ರ್ಯಾನಂತರ 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ಇಂಥ ಕೇಂದ್ರಗಳು ತಲೆಯೆತ್ತಿದುವು.

ಇಂದಿನ ಲೆಕ್ಕದಂತೆ ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೆ, ಗುಡ್ಡಗಾಡಿನಲ್ಲಿ ಇಪ್ಪತ್ತು ಸಾವಿರ ಜನಕ್ಕೆ ಒಂದು ಕೇಂದ್ರ ಇರತಕ್ಕದ್ದು. ಅದರ ಕೆಳಗೆ ಐದು ಸಾವಿರ ಜನಕ್ಕೊಂದು, ಗುಡ್ಡಗಾಡಿನಲ್ಲಾದರೆ ಮೂರು ಸಾವಿರಕ್ಕೊಂದು, ಉಪಕೇಂದ್ರ. ಅದಕ್ಕೂ ಕೆಳಗೆ, ಸುಮಾರು ಒಂದು ಸಾವಿರ ಜನರಿರುವ ಊರಿಗೆ ಒಬ್ಬ ‘ಆಶಾ’ ಕಾರ್ಯಕರ್ತೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹುಟ್ಟಿಕೊಂಡ ಈ ‘ಆಶಾ’ ಎಂಬ ಹೆಣ್ಣುಮಗಳು ಊರಿನ ಸೊಸೆಯೇ ಆಗಿರುತ್ತಾಳೆ. ಯಾರ ಮನೆಯಲ್ಲಿ ಯಾರು ಬಸುರಿ, ಯಾರ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ ಎಂಬುದು ಅವಳ ನಾಲಗೆಯ ತುದಿಯಲ್ಲಿರುತ್ತದೆ.

ನಮ್ಮ ತರುಣಿ ಸೇರಿದ ಕೇಂದ್ರವೂ ಇಂಥದೇ. ಒಬ್ಬ ವೈದ್ಯಾಧಿಕಾರಿ, ಇಬ್ಬರು ದಾದಿಯರು, ಔಷಧ ಕೊಡುವವರೊಬ್ಬರು, ರಕ್ತ ಪರೀಕ್ಷೆ ಮಾಡುವವರೊಬ್ಬರು. ಮುಂದೆ ಉದ್ದನೆಯ ಜಗಲಿ. ಅದರ ಮೇಲೆ ಎರಡು ಬೆಂಚು. ಬೆಂಚಿನಲ್ಲಿ ಎಡೆ ಸಿಕ್ಕದವರಿಗೆ ಹೊಂಗೆಯ ಮರದ ನೆರಳು.

ಮೊದಲ ಪಾಠ

ಸೇರಿದ ದಿನವೇ ಡಾಕ್ಟರು ಎರಡು ಮಾತು ಹೇಳಿದರು. “ಔಷಧಿ, ಸೂಜಿ ಇವುಗಳ ತಂಟೆಗೆ ನೀವು ಹೋಗುವಂತಿಲ್ಲ. ಇಲ್ಲಿ ಕಿವಿಗೆ ಬಿದ್ದದ್ದು ಇಲ್ಲೇ ಉಳಿಯಬೇಕು.” ಮೊದಲನೆಯದನ್ನು ಪಾಲಿಸುವುದು ಸುಲಭ. ಎರಡನೆಯದು ಹಾಗಲ್ಲ. ಜಗಲಿಯ ಮೇಲೆ ಕಾಯುತ್ತ ಕುಳಿತವರು ಒಬ್ಬರ ಚೀಟಿಯನ್ನು ಮತ್ತೊಬ್ಬರು ಇಣುಕುತ್ತಾರೆ, “ಅವಳಿಗೇನಂತಮ್ಮ ಕಾಯಿಲೆ?” ಎಂದು ಮೆಲ್ಲನೆ ಕೇಳುತ್ತಾರೆ. ಬಸ್ಸಿನಲ್ಲಿಯೂ ಕೇಳುತ್ತಾರೆ. ಉತ್ತರ ಹೇಳದಿದ್ದರೆ “ಓದಿದ ಹುಡುಗಿಗೆ ಜಂಬ” ಎಂಬ ಬಿರುದು ಬರುತ್ತದೆ.

ಆ ಬಿರುದನ್ನು ಹೊತ್ತುಕೊಳ್ಳುವುದೇ ಮೇಲು ಎಂದು ಆಕೆ ಕಲಿತಳು. ಶಾಲೆಯಲ್ಲಿ ಒಬ್ಬ ಹುಡುಗನ ಮನೆಯ ಬಡತನ, ತಂದೆಯ ಕುಡಿತ, ಮಗುವಿನ ಮೂರ್ಛೆರೋಗ ಇವೆಲ್ಲ ಉಪಾಧ್ಯಾಯರಿಗೆ ತಿಳಿಯುತ್ತವೆ. ಅವು ಉಪಾಧ್ಯಾಯರ ಕೊಠಡಿಯ ಹರಟೆಗೆ ಸಾಮಗ್ರಿಯಾಗಕೂಡದು. ಗುಟ್ಟನ್ನು ಕಾಪಾಡುವುದು ವೈದ್ಯನಿಗೆಷ್ಟೋ ಗುರುವಿಗೂ ಅಷ್ಟೇ ಧರ್ಮ. ಈ ಲೇಖನದಲ್ಲಿ ಬರುವವರ ಊರು, ಮನೆತನ, ಗುರುತುಗಳನ್ನು ನಾನು ಬಿಟ್ಟಿರುವುದಕ್ಕೂ ಇದೇ ಕಾರಣ.

ಆಕೆಗೆ ವಹಿಸಿದ ಕೆಲಸವೆಂದರೆ ಬಂದವರ ಹೆಸರು, ವಯಸ್ಸು, ಊರು ಬರೆದುಕೊಳ್ಳುವುದು. ಸರದಿಯ ಚೀಟಿ ಕೊಡುವುದು. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಓದಿ ಹೇಳುವುದು. ಅಳುವ ಮಕ್ಕಳನ್ನು ಆಡಿಸುವುದು. ನೋಡಲು ಸಣ್ಣ ಕೆಲಸ. ಆದರೆ ವಯಸ್ಸು ಬರೆಯುವುದೇ ಒಂದು ಸಂಶೋಧನೆ. “ನನಗೆಷ್ಟು ವರ್ಷವಾಯಿತೋ ನಿನಗೆ ಹೇಗೆ ಕಂಡರೆ ಹಾಗೆ ಬರಕೋ ತಾಯಿ” ಎಂದು ಒಬ್ಬ ಮುದುಕಿ ಭಾರವನ್ನು ಈಕೆಯ ಮೇಲೆಯೇ ಹಾಕಿದಳಂತೆ.

ಹುಷಾರಿಲ್ಲ, ಆರಾಮಿಲ್ಲ, ಸೌಖ್ಯವಿಲ್ಲ

ಕನ್ನಡ ಓದಿದವಳಿಗೆ ಆಸ್ಪತ್ರೆಯಲ್ಲೇನು ಕೆಲಸ ಎಂದವರಿಗೆ ಉತ್ತರ ಮೊದಲ ವಾರದಲ್ಲಿಯೇ ದೊರೆಯಿತು. ಅಲ್ಲಿಯ ಡಾಕ್ಟರು ಕಲಬುರಗಿಯ ಕಡೆಯವರು. ರೋಗಿಗಳು ಮಂಡ್ಯದ ಸೀಮೆಯವರು. ಎರಡೂ ಕನ್ನಡವೇ. ಆದರೂ ನಡುವೆ ಒಂದು ಸಣ್ಣ ಹೊಳೆ ಹರಿಯುತ್ತಿದ್ದಿತು. ಮೈಸೂರಿನವನಿಗೆ ‘ಹುಷಾರಿಲ್ಲ’ವಾದರೆ ಧಾರವಾಡದವನಿಗೆ ‘ಆರಾಮಿಲ್ಲ’. ಮಂಗಳೂರಿನ ಕಡೆಯವರಿಗೆ ‘ಸೌಖ್ಯವಿಲ್ಲ’. ಇದೇನೋ ಹೇಗಾದರೂ ತಿಳಿಯುತ್ತದೆ. ಆದರೆ ಒಬ್ಬಾಕೆ “ಹೊಟ್ಟೆಯ ಮೇಲೆ ಕಡಿತ” ಎಂದು ಹೇಳಿದಾಗ ಡಾಕ್ಟರು ಒಳಗಿನ ನೋವೆಂದು ಭಾವಿಸಿ, ಊಟವೇನು, ವಾಂತಿಯಾಯಿತೆ ಎಂದು ವಿಚಾರಿಸತೊಡಗಿದರು. ಅವರ ಕಡೆ ಹೊಟ್ಟೆ ಕಡಿಯುವುದೆಂದರೆ ಹೊಟ್ಟೆ ನೋಯುವುದು. ಇಲ್ಲಿ ಕಡಿತವೆಂದರೆ ನವೆ. “ತುರಿಕೆ ಸಾರ್” ಎಂದು ನಮ್ಮ ತರುಣಿ ಬಾಗಿಲಲ್ಲಿ ನಿಂತು ಹೇಳಿದಾಗ ಮೂವರೂ ನಕ್ಕರಂತೆ.

ಆ ದಿನದಿಂದ ಆಕೆ ಜನರ ಬಾಯಲ್ಲಿ ಬರುವ ಕಾಯಿಲೆಯ ಮಾತುಗಳನ್ನು ಪಟ್ಟಿಮಾಡತೊಡಗಿದಳು. ಕಣ್ಣು ಕತ್ತಲೆ ಬರುವುದು, ಎದೆ ಉರಿ, ಮೇಲುಸಿರು, ಕೈಕಾಲು ಸೆಳೆತ, ಮೈ ಜುಮ್ಮೆನ್ನುವುದು, ಕಾಮಾಲೆ, ಸರ್ಪಸುತ್ತು, ದೃಷ್ಟಿ ತಾಗುವುದು - ನೋಟುಬುಕ್ಕಿನಲ್ಲಿ ಇಂಥ ಮಾತುಗಳೇ ಆರು ಪುಟ ತುಂಬಿವೆ. ಮೈಮೇಲೆ ನೀರುಗುಳ್ಳೆ ಎದ್ದ ಮಗುವನ್ನು ಎತ್ತಿಕೊಂಡು ಬಂದ ತಾಯಿ “ಅಮ್ಮ ಬಂದವ್ಳೆ” ಎಂದಾಗ ಹಿರಿಯ ದಾದಿ ಮುಖ ಸಿಂಡರಿಸಲಿಲ್ಲ. “ಬೇವಿನ ಸೊಪ್ಪು ಹಾಸಿದ್ದೀಯಾ? ಒಳ್ಳೇದು. ಗುಳ್ಳೆ ಪೂರ್ತಿ ಒಣಗೋವರೆಗೂ ಸ್ಕೂಲಿಗೆ ಕಳಿಸಬೇಡ, ಬಸುರಿ ಹೆಂಗಸರ ಹತ್ತಿರ ಬಿಡಬೇಡ, ಜ್ವರ ಜಾಸ್ತಿಯಾದರೆ ತಕ್ಷಣ ಕರಕೊಂಡು ಬಾ” ಎಂದಳು. ತಾಯಿಯ ನಂಬಿಕೆಯನ್ನು ನೋಯಿಸದೆ ವೈದ್ಯದ ಮಾತನ್ನು ಅದರ ಪಕ್ಕದಲ್ಲಿಯೇ ಕೂರಿಸಿದ ಆ ಜಾಣ್ಮೆಯನ್ನು ಯಾವ ಬೋಧನಶಾಸ್ತ್ರದ ಪುಸ್ತಕ ಇದಕ್ಕಿಂತ ಚೆನ್ನಾಗಿ ಕಲಿಸೀತು?

ವೈದ್ಯವನ್ನು ಜನರ ಮಾತಿಗೆ ಇಳಿಸುವ ಈ ಕೆಲಸ ಕನ್ನಡಕ್ಕೆ ಹೊಸದಲ್ಲ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ರಾಶಿಯವರು ವೃತ್ತಿಯಿಂದ ವೈದ್ಯರು. ಕಾದಂಬರಿಗಾರ್ತಿ ಡಾ. ಅನುಪಮಾ ನಿರಂಜನರು ‘ತಾಯಿ-ಮಗು’, ‘ಕೇಳು ಕಿಶೋರಿ’ಗಳಂಥ ಪುಸ್ತಕಗಳನ್ನು ಬರೆದು, ತಾಯಂದಿರೂ ಹೆಣ್ಣುಮಕ್ಕಳೂ ಬಾಯಿಬಿಟ್ಟು ಕೇಳಲು ನಾಚುತ್ತಿದ್ದ ವಿಷಯಗಳನ್ನು ಮನೆಮಾತಿನಲ್ಲಿ ತಿಳಿಸಿಕೊಟ್ಟರು. ಆ ಪರಂಪರೆಯ ಒಂದು ಸಣ್ಣ ಎಳೆ ಹಳ್ಳಿಯ ಜಗಲಿಯ ಮೇಲೂ ಇದೆ ಎಂಬುದೇ ಸಂತೋಷದ ಸಂಗತಿ.

“ಗೊತ್ತಾಯಿತೆ?”

ಡಾಕ್ಟರ ಚೀಟಿಯಲ್ಲಿ ಗುಳಿಗೆಯ ಹೆಸರಿನ ಮುಂದೆ ‘1-0-1’ ಎಂದು ಬರೆದಿರುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅದರ ಅರ್ಥ. ಓದು ಬಾರದ ಮುದುಕನಿಗೆ ಅದು ಏನು ಹೇಳೀತು? ಓದು ಬಂದವರಿಗೂ ಎಷ್ಟೋ ಸಲ ಅದು ನೂರಾ ಒಂದಾಗಿಯೇ ಕಾಣುತ್ತದೆ. ನಮ್ಮ ತರುಣಿ ಚೀಟಿಯ ಹಿಂಬದಿಯಲ್ಲಿ ಮೂಡುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಇವನ್ನು ಬರೆದು, ಅವುಗಳ ಕೆಳಗೆ ಗುಳಿಗೆಗೆ ಒಂದು ಸೊನ್ನೆ ಸುತ್ತತೊಡಗಿದಳು. ಆಮೇಲೆ “ಗೊತ್ತಾಯಿತೆ?” ಎಂದು ಕೇಳುವಳು. “ಗೊತ್ತಾಯಿತವ್ವ” ಎಂದು ಎಲ್ಲರೂ ತಲೆಯಾಡಿಸುವರು.

ಒಂದು ದಿನ ಹಿರಿಯ ದಾದಿ ಆಕೆಯನ್ನು ಒತ್ತಟ್ಟಿಗೆ ಕರೆದು, “ಗೊತ್ತಾಯಿತೆ ಅಂತ ಕೇಳಬೇಡ ಕಣಮ್ಮ. ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರೋಲ್ಲ. ಮನೆಗೆ ಹೋಗಿ ಸೊಸೆಗೆ ಏನು ಹೇಳ್ತೀಯಜ್ಜಿ, ನನಗೆ ಹೇಳು ಅನ್ನು” ಎಂದಳು. ಹಾಗೆ ಕೇಳಿದಾಗ ತಿಳಿದುದೇನು? ಮೊದಲು ತಲೆಯಾಡಿಸಿದ ಒಬ್ಬ ಅಜ್ಜಿ, ಭೇದಿಯಾದ ಮೊಮ್ಮಗನಿಗೆ ಕೊಟ್ಟ ಜೀವಜಲದ ಪೊಟ್ಟಣವನ್ನು ದಿನಕ್ಕೊಂದು ಚಿಟಿಕೆಯಂತೆ ಒಂದು ಲೋಟ ನೀರಿಗೆ ಹಾಕುವೆನೆಂದು ಹೇಳಿದಳು! ಪೂರ್ತಿ ಪೊಟ್ಟಣವನ್ನು ಒಂದು ಲೀಟರು ಶುದ್ಧ ನೀರಿಗೆ ಒಮ್ಮೆಲೆ ಕಲಸಬೇಕು. ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು. ಇಪ್ಪತ್ತನಾಲ್ಕು ಗಂಟೆಯ ಮೇಲೆ ಉಳಿದುದನ್ನು ಚೆಲ್ಲಬೇಕು. ಇದರ ಜೊತೆಗೆ ಕೊಡುವ ಸತುವಿನ ಗುಳಿಗೆಯನ್ನು, ಭೇದಿ ನಿಂತರೂ, ಹದಿನಾಲ್ಕು ದಿನ ಕೊಡಬೇಕು. ಒಂದು ತಲೆಯಾಡಿಸುವಿಕೆಯನ್ನು ನಂಬಿ ಕಳುಹಿಸಿದ್ದರೆ ಆ ಎರಡು ವರ್ಷದ ಕೂಸಿನ ಗತಿಯೇನು?

“ಹದಿನೈದು ವರ್ಷ ನಾನು ಶಾಲೆ ಕಾಲೇಜುಗಳಲ್ಲಿ ಕುಳಿತು ತಲೆಯಾಡಿಸಿದ್ದೇನೆ. ಗೊತ್ತಾಯಿತು ಎಂದಾಗ ಎಷ್ಟು ಸಲ ನಿಜವಾಗಿಯೂ ಗೊತ್ತಾಗಿತ್ತೋ!” ಎಂದು ನೋಟುಬುಕ್ಕಿನಲ್ಲಿ ಆಕೆ ಬರೆದುಕೊಂಡಿದ್ದಾಳೆ. ಪಾಠ ಹೇಳುವ ನಮ್ಮಂಥವರೆಲ್ಲರೂ ಓದಬೇಕಾದ ಸಾಲು ಇದು.

ಗುರುವಾರದ ಸಂತೆ

ಗುರುವಾರ ಮಕ್ಕಳ ಚುಚ್ಚುಮದ್ದಿನ ದಿನ. ಅಂದು ಜಗಲಿ ಸಂತೆಯೇ ಸರಿ. ಕಂಕುಳಲ್ಲಿ ಕೂಸು, ಕೈಯಲ್ಲಿ ತಾಯಿ ಕಾರ್ಡು ಹಿಡಿದ ಹೆಂಗಸರು ಒಂಬತ್ತಕ್ಕೇ ಬಂದು ಕೂಡುತ್ತಾರೆ. ಹುಟ್ಟಿದೊಡನೆ ಕ್ಷಯದ ವಿರುದ್ಧ ಬಿ.ಸಿ.ಜಿ.; ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಐದು ರೋಗಗಳನ್ನು ಒಟ್ಟಿಗೆ ತಡೆಯುವ ಲಸಿಕೆಯೂ ಪೋಲಿಯೋ ಹನಿಯೂ; ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. ಲಸಿಕೆಗಳನ್ನು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿಯೇ ಇಟ್ಟಿರಬೇಕು. ದಡಾರದ ಲಸಿಕೆಯನ್ನು ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಇಲ್ಲಿ ಗಡಿಯಾರವೂ ಒಂದು ವೈದ್ಯೋಪಕರಣ.

ಚುಚ್ಚಿಸಿಕೊಂಡ ಮಗುವನ್ನು ಅರ್ಧ ಗಂಟೆ ಅಲ್ಲಿಯೇ ಉಳಿಸಿಕೊಳ್ಳಬೇಕೆಂಬುದು ನಿಯಮ. ಆ ಅರ್ಧ ಗಂಟೆಯ ರಾಜ್ಯಭಾರ ನಮ್ಮ ತರುಣಿಯದು. ಕತೆ ಹೇಳುವುದು, ಕಡ್ಡಿಯಲ್ಲಿ ನೆಲದ ಮೇಲೆ ನವಿಲು ಬರೆಯುವುದು, ಜೊತೆಗೆ ಬಂದ ಅಕ್ಕ ಅಣ್ಣಂದಿರಿಂದ ಅಕ್ಷರ ಓದಿಸುವುದು. ನಡುವೆ ತಾಯಂದಿರ ಪ್ರಶ್ನೆ: “ಚುಚ್ಚಿಸಿದರೆ ಜ್ವರ ಬರುತ್ತೆ. ಬರೋ ಜ್ವರ ತಡೆಯೋಕೆ ಬಂದು ಜ್ವರ ಬರಿಸಿಕೊಂಡು ಹೋಗೋದೇಕೆ?”

ಇದು ದಡ್ಡ ಪ್ರಶ್ನೆಯಲ್ಲ. ದೇಹವು ರೋಗವನ್ನು ಎದುರಿಸುವ ಅಭ್ಯಾಸ ಮಾಡುತ್ತಿದೆ. ಅದರ ಬಿಸಿಯೇ ಈ ಸಣ್ಣ ಜ್ವರ ಎಂದು ದಾದಿ ವಿವರಿಸುವಳು. ಈ ಅನುಮಾನಕ್ಕೆ ನಮ್ಮ ನಾಡಿನಲ್ಲಿ ಎರಡು ಶತಮಾನದ ಇತಿಹಾಸವಿದೆ. ಜೆನ್ನರ್ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದುದು 1796ರಲ್ಲಿ; ಅದು ಮುಂಬಯಿ ಮುಟ್ಟಿದುದು 1802ರಲ್ಲಿ. ಆ ಕಾಲದಲ್ಲಿ ಮೈಸೂರು ಅರಮನೆಯ ರಾಣಿಯರನ್ನು ಚಿತ್ರಿಸಿದ ಒಂದು ವರ್ಣಚಿತ್ರವು ಜನರಲ್ಲಿ ಲಸಿಕೆಯ ಬಗ್ಗೆ ನಂಬಿಕೆ ಹುಟ್ಟಿಸಲೆಂದೇ ರಚಿತವಾದುದಿರಬೇಕೆಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಅಂದಿನಿಂದ ನಡೆದು ಬಂದ ದಾರಿಯನ್ನು ನೋಡಿ: 1980ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾಯಿತು, 2014ರಲ್ಲಿ ಭಾರತವು ಪೋಲಿಯೋದಿಂದ ಮುಕ್ತವಾಯಿತೆಂದು ಪ್ರಮಾಣಪತ್ರ ದೊರೆಯಿತು. ಗುರುವಾರದ ಆ ಜಗಲಿಯ ಅಳುವಿನಲ್ಲಿ ಇಷ್ಟು ದೊಡ್ಡ ಗೆಲುವು ಅಡಗಿದೆ.

ನಿದ್ದೆಹೋಗುವ ಹುಡುಗಿ

ಜುಲೈ ತಿಂಗಳಲ್ಲಿ ಒಬ್ಬ ತಾಯಿ ಹದಿಮೂರು ವರ್ಷದ ಮಗಳನ್ನು ಕರೆತಂದಳು. ಹುಡುಗಿ ಎಂಟನೆಯ ತರಗತಿ. “ಸ್ಕೂಲಲ್ಲಿ ನಿದ್ದೆ ಮಾಡ್ತಾಳಂತೆ. ಮೇಷ್ಟ್ರು ಸೋಂಬೇರಿ ಅಂತಾರೆ. ಮನೆಗೆ ಬಂದರೆ ಒಂದು ಬಿಂದಿಗೆ ನೀರು ಎತ್ತೋಲ್ಲ. ಓದೂ ಇಲ್ಲ, ಕೆಲಸವೂ ಇಲ್ಲ. ಬಿಡಿಸಿಬಿಡೋಣ ಅಂತ ಇವರಪ್ಪ ಹೇಳ್ತಾವ್ರೆ” ಎಂದಳು. ಬಿಡಿಸಿದ ಮೇಲೆ ಏನು ಮಾಡುವರೆಂಬುದನ್ನು ಅವಳು ಹೇಳಲಿಲ್ಲ. ಯಾರೂ ಕೇಳಬೇಕಾಗಿಯೂ ಇರಲಿಲ್ಲ.

ಡಾಕ್ಟರು ಹುಡುಗಿಯ ಕೆಳಗಣ್ಣಿನ ರೆಪ್ಪೆಯನ್ನು ಎಳೆದು ನೋಡಿದರು; ಉಗುರು, ನಾಲಗೆ ನೋಡಿದರು; ರಕ್ತ ಪರೀಕ್ಷೆಗೆ ಕಳುಹಿಸಿದರು. ಆ ವಯಸ್ಸಿಗೆ ಹಿಮೋಗ್ಲೋಬಿನ್ ಹನ್ನೆರಡು ಗ್ರಾಂ ಇರಬೇಕು. ಅವಳಲ್ಲಿದ್ದುದು 8.2. ಸೋಮಾರಿತನವೆಂದು ಎಲ್ಲರೂ ಹೆಸರಿಟ್ಟಿದ್ದುದು ರಕ್ತಹೀನತೆಯಾಗಿದ್ದಿತು. ಮೈನೆರೆದು ಒಂದು ವರ್ಷವಾಗಿದ್ದಿತು. ತಿಂಗಳ ಸ್ರಾವ ಹೆಚ್ಚು. ಬೆಳಿಗ್ಗೆ ಒಂದು ಲೋಟ ಟೀಯಲ್ಲಿ ಶಾಲೆಗೆ ಓಡುವ ಅಭ್ಯಾಸ. ಬರಿಗಾಲಿನಲ್ಲಿ ಹೊಲದಲ್ಲಿ ಓಡಾಟ, ಅದರಿಂದ ಬರುವ ಕೊಕ್ಕೆಹುಳದ ಬಾಧೆ. ಇವೆಲ್ಲ ಒಂದುಗೂಡಿ ಅವಳ ರಕ್ತವನ್ನು ಹೀರಿದ್ದವು.

ಇದು ಒಬ್ಬಳ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹದಿನೈದರಿಂದ ಹತ್ತೊಂಬತ್ತು ವರ್ಷದ ಹೆಣ್ಣುಮಕ್ಕಳ ಪೈಕಿ ಶೇಕಡ 59 ಮಂದಿ ರಕ್ತಹೀನರು. ಅಂದರೆ ಒಂದು ಬೆಂಚಿನಲ್ಲಿ ಐವರು ಕುಳಿತಿದ್ದರೆ ಅವರಲ್ಲಿ ಮೂವರು. ಅವರೆಲ್ಲರನ್ನೂ ಸೋಂಬೇರಿಗಳೆಂದು ಬೈಯುವ ಉಪಾಧ್ಯಾಯನು ಕಾಯಿಲೆಯನ್ನೇ ಬೈಯುತ್ತಿರುತ್ತಾನೆ.

ಹುಳದ ಗುಳಿಗೆ, ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಸೊಪ್ಪು, ಮೊಳಕೆ ಕಾಳು, ಜೊತೆಗೆ ನಿಂಬೆಹಣ್ಣು ಅಥವಾ ಸೀಬೆಹಣ್ಣು ತಿನ್ನಬೇಕು. ಗುಳಿಗೆಯ ಹಿಂದುಮುಂದೆ ಟೀ ಕಾಫಿ ಬೇಡ ಎಂದರು. ಕಬ್ಬಿಣದ ಗುಳಿಗೆ ನುಂಗಿದರೆ ಮಲ ಕಪ್ಪಾಗುವುದು ಸಹಜ. ಕೆಲವರಿಗೆ ಹೊಟ್ಟೆ ತೊಳಸುವುದೂ ಉಂಟು. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಮೂರನೆಯ ದಿನಕ್ಕೇ ನಿಲ್ಲಿಸಿಬಿಡುತ್ತಾರೆ. ಈ ಮಾತನ್ನು ಹುಡುಗಿಗೆ ತಿಳಿಯಹೇಳಿ, ಅವಳ ಬಾಯಿಂದಲೇ ಮತ್ತೆ ಹೇಳಿಸಿದ್ದು ನಮ್ಮ ತರುಣಿ. ಅಷ್ಟರಲ್ಲಿಯೇ ನಿಲ್ಲದೆ, ತಾಯಿಯ ಒಪ್ಪಿಗೆಯಿಂದ, ಡಾಕ್ಟರು ಬರೆದ ಒಂದು ಸಾಲಿನ ಚೀಟಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ತಲುಪಿಸಿದಳು.

ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆಯಾದಾಗ ಅಂಕಿ 10.9ಕ್ಕೆ ಏರಿದ್ದಿತು. ಹನ್ನೆರಡಕ್ಕೆ ಇನ್ನೂ ದೂರವಿದ್ದುದರಿಂದ ಗುಳಿಗೆ ಮುಂದುವರಿಯಿತು. “ಈಗ ಹೇಗಿದ್ದಾಳಮ್ಮ?” ಎಂದು ದಾದಿ ಕೇಳಿದುದಕ್ಕೆ ತಾಯಿ, “ನಿದ್ದೆ ಹೋಯ್ತು, ಬಾಯಿ ಬಂತು. ಒಂದಕ್ಕೆ ಎರಡು ಎದುರುತ್ತರ ಕೊಡ್ತಾಳೆ” ಎಂದು ದೂರಿದಳಂತೆ. ಅಷ್ಟು ಸಂತೋಷದ ದೂರನ್ನು ಆ ಜಗಲಿ ಕೇಳಿರಲಾರದು. ಶಾಲೆ ಬಿಡಿಸುವ ಮಾತು ಸದ್ಯಕ್ಕೆ ನಿಂತಿದೆ.

ಓಗೊಡದ ಹುಡುಗ, ಅಕ್ಷರ ಕಾಣದ ಅಜ್ಜಿ

ಇನ್ನೊಬ್ಬ, ಒಂಬತ್ತು ವರ್ಷದ ಬಾಲಕ. ಕೆಮ್ಮಿಗೆ ಔಷಧಿ ಬೇಕೆಂದು ಅಜ್ಜ ಕರೆತಂದಿದ್ದ. ಹೆಸರು ಕೂಗಿದರೆ ಹುಡುಗ ಏಳಲಿಲ್ಲ. “ಮೊದ್ದು ಸ್ವಾಮಿ, ಹೀಗೇ” ಎಂದ ಅಜ್ಜ. ಮೈಮೇಲೆ ಕೈಯಿಟ್ಟಾಗ ಮಾತ್ರ ತಿರುಗಿ ನೋಡಿದ ಹುಡುಗನ ಕಿವಿಯಲ್ಲಿ ಹತ್ತಿ ತುರುಕಿದ್ದುದನ್ನು ನಮ್ಮ ತರುಣಿ ಗಮನಿಸಿ ಡಾಕ್ಟರಿಗೆ ಹೇಳಿದಳು. ಎರಡು ವರ್ಷದಿಂದ ಕಿವಿ ಸೋರುತ್ತಿದ್ದಿತು. ಮನೆಯವರು ಎಣ್ಣೆ ಕಾಯಿಸಿ ಬಿಡುತ್ತಿದ್ದರು. ಜಿಲ್ಲಾ ಆಸ್ಪತ್ರೆಯಲ್ಲಿ ನೋಡಿದಾಗ ಒಂದು ಕಿವಿಯ ತಮಟೆಯಲ್ಲಿ ತೂತು, ಇನ್ನೊಂದರಲ್ಲಿಯೂ ಕೇಳುವ ಶಕ್ತಿ ಕಡಿಮೆ ಎಂದು ತಿಳಿಯಿತು. ಸೋರುವ ಕಿವಿಗೆ ಎಣ್ಣೆ, ಹಾಲು, ಸೊಪ್ಪಿನ ರಸ ಯಾವುದನ್ನೂ ಬಿಡಬಾರದು, ಕಿವಿಯನ್ನು ಒಣಗಿಸಿಡಬೇಕು, ವೈದ್ಯರಿಗೆ ತೋರಿಸಬೇಕು. ಹುಡುಗನಿಗೆ ಚಿಕಿತ್ಸೆ ನಡೆಯುತ್ತಿದೆ. ಕೊನೆಯ ಸಾಲಿನಲ್ಲಿದ್ದವನನ್ನು ಅವನ ಶಾಲೆಯ ಉಪಾಧ್ಯಾಯಿನಿ ಮೊದಲ ಸಾಲಿಗೆ ಕರೆದು ಕೂರಿಸಿಕೊಂಡಿದ್ದಾರೆ. ‘ಮೊದ್ದು’ ಎಂಬ ಹೆಸರು ಊರಿನಲ್ಲಿ ಇನ್ನೂ ಹೋಗಿಲ್ಲ, ಹೆಸರಿಗೆ ಔಷಧವಿಲ್ಲ.

ಕಣ್ಣಿನ ಪರೀಕ್ಷೆಯ ದಿನ ನೇತ್ರಾಧಿಕಾರಿಗಳು ಬಂದು, ಆರು ಮೀಟರು ದೂರದಲ್ಲಿ ಅಕ್ಷರದ ಹಲಗೆಯನ್ನು ತೂಗುಹಾಕುತ್ತಿದ್ದರು. ಒಬ್ಬ ಅಜ್ಜಿ ಹಲಗೆಯನ್ನು ಕಂಡೊಡನೆ ಹಿಂದಕ್ಕೆ ಹೊರಟಳು. “ನಾನು ಓದಿದವಳಲ್ಲ, ನನ್ನಿಂದ ಈ ಪರೀಕ್ಷೆ ಆಗೋಲ್ಲ” ಎಂದಳು. ಓದು ಬಾರದವರಿಗೆಂದು ಬೇರೆ ಹಲಗೆಯುಂಟು: ಮೂರು ಕಾಲಿನ ಒಂದು ಗುರುತು, ಅದರ ಕಾಲು ಮೇಲಕ್ಕೋ ಕೆಳಕ್ಕೋ ಎಡಕ್ಕೋ ಬಲಕ್ಕೋ ಚಾಚಿದೆ ಎಂಬುದನ್ನು ಕೈಯಲ್ಲಿ ತೋರಿಸಿದರಾಯಿತು. ಅಜ್ಜಿ ಮೇಲಿನ ಎರಡು ಸಾಲನ್ನು ಸರಿಯಾಗಿ ತೋರಿಸಿ, “ಪಾಸಾದೆನೇ?” ಎಂದು ಕೇಳಿದಳು. ಮಕ್ಕಳೂ ಹೀಗೆಯೇ. ಕಾಣದ ಅಕ್ಷರವನ್ನು ಓದಲಾಗದೆ ಬೈಸಿಕೊಳ್ಳುವ ಮಗು “ನನಗೆ ಕಾಣುವುದಿಲ್ಲ” ಎಂದು ಹೇಳುವುದಿಲ್ಲ. ಏಕೆಂದರೆ ಚೆನ್ನಾಗಿ ಕಾಣುವುದೆಂದರೆ ಹೇಗಿರುತ್ತದೆ ಎಂಬುದೇ ಅದಕ್ಕೆ ತಿಳಿಯದು.

ಅರ್ಧಕ್ಕೆ ನಿಂತ ಔಷಧ

ಎಲ್ಲವೂ ಸುಖಾಂತವಾಗಲಿಲ್ಲ. ಕ್ಷಯರೋಗದ ಒಬ್ಬ ಯುವಕ ವಾರಕ್ಕೊಮ್ಮೆ ಬರುತ್ತಿದ್ದ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಉಳಿದ ನಾಲ್ಕು ತಿಂಗಳು ಮೂರು. ಔಷಧ ಉಚಿತ, ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣವನ್ನೂ 2024ರ ನವೆಂಬರಿನಿಂದ ತಿಂಗಳಿಗೆ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿದ್ದಾರೆ. ಎರಡನೆಯ ತಿಂಗಳಿಗೆ ಆತನ ಕೆಮ್ಮು ನಿಂತಿತು, ಮೈ ತುಂಬಿತು. ಮೂರನೆಯ ತಿಂಗಳಲ್ಲಿ ಆತ ಬರಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದನೆಂದು ಮನೆಯವರು ಹೇಳಿದರು. ದೂರವಾಣಿ ಮಾಡಿದರೆ ಉತ್ತರವಿಲ್ಲ.

ಗುಣವಾದಂತೆ ಕಾಣುವುದು ಬೇರೆ, ಗುಣವಾಗುವುದು ಬೇರೆ. ನಡುವೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೂ ಬಗ್ಗದಂತೆ ಬಲಿಯುತ್ತವೆ, ಮನೆಯವರಿಗೂ ಹರಡುತ್ತವೆ. ‘ಆಶಾ’ ಕಾರ್ಯಕರ್ತೆ ಮೂರು ಬಾರಿ ಅವನ ಮನೆಗೆ ಹೋದಳು. ನಮ್ಮ ತರುಣಿಯ ಅವಧಿ ಮುಗಿಯುವವರೆಗೂ ಆತ ಹಿಂದಿರುಗಿರಲಿಲ್ಲ. ಆತನ ಕಾರ್ಡಿನ ಖಾಲಿ ಮನೆಗಳನ್ನು ಕುರಿತು ಹೇಳುವಾಗ ಆಕೆಯ ಧ್ವನಿ ತಗ್ಗಿತು. ಶಾಲೆಯಲ್ಲಿಯೂ ಇಂಥ ಖಾಲಿ ಮನೆಗಳಿರುತ್ತವೆ. ಅದಕ್ಕೆ ಹಾಜರಿ ಪುಸ್ತಕವೆಂದು ಹೆಸರು. ಗೈರುಹಾಜರಿಯ ಗುರುತನ್ನು ಹಾಕಿ ಪುಟ ಮಗುಚುವವನು ಒಬ್ಬ ಉಪಾಧ್ಯಾಯ. ಮೂರು ಬಾರಿ ಮನೆಯ ಬಾಗಿಲು ತಟ್ಟುವವನು ಇನ್ನೊಬ್ಬ.

ಶಾಲೆಗೂ ಆಸ್ಪತ್ರೆಗೂ ನಡುವೆ

ಆಗಸ್ಟ್ ಹತ್ತರ ಹುಳನಿವಾರಣಾ ದಿನದಂದು ನಮ್ಮ ತರುಣಿ ದಾದಿಯ ಜೊತೆಗೆ ಊರ ಶಾಲೆಗೆ ಹೋದಳು. 2015ರಿಂದ ಆರಂಭವಾದ ಈ ಕಾರ್ಯಕ್ರಮದಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದವರಿಗೆಲ್ಲ ಅಲ್ಬೆಂಡಜೋಲ್ ಗುಳಿಗೆ ಕೊಡುತ್ತಾರೆ. ಎರಡು ವರ್ಷದೊಳಗಿನವರಿಗೆ ಅರ್ಧ, ಉಳಿದವರಿಗೆ ಒಂದು. ನುಂಗುವುದಲ್ಲ, ಅಗಿಯಬೇಕು. ಶಾಲೆಯಲ್ಲಿ ಇದನ್ನು ಕೊಡುವವರು ಡಾಕ್ಟರಲ್ಲ, ಉಪಾಧ್ಯಾಯರು. ವಾರಕ್ಕೊಮ್ಮೆ ಮಕ್ಕಳಿಗೆ ಕಬ್ಬಿಣಾಂಶದ ಗುಳಿಗೆ ಕೊಡುವವರೂ ಅವರೇ. ಹತ್ತು ವರ್ಷ ದಾಟಿದವರಿಗೆ ನೀಲಿ, ಚಿಕ್ಕವರಿಗೆ ಗುಲಾಬಿ ಬಣ್ಣದ್ದು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲು ಇವುಗಳ ಉಸ್ತುವಾರಿಯೂ ಅವರದೇ. ಅದೇ 2013ರಲ್ಲಿ ಮೊದಲಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಉಳಿದ ದಿನಗಳಲ್ಲಿ ಮಗುವನ್ನು ನೋಡುವ ಕಣ್ಣು ಉಪಾಧ್ಯಾಯನದೇ.

ಈ ಕೆಲಸಗಳೆಲ್ಲ ಬೋಧನೆಗೆ ಅಡ್ಡಿ ಎಂದು ಗೊಣಗುವವರುಂಟು. ಅವರ ಗೊಣಗಾಟದಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಲೆಕ್ಕ ಬರೆಯುವುದರಲ್ಲಿಯೇ ಅರ್ಧ ದಿನ ಕಳೆಯುವ ಶಾಲೆಗಳಿವೆ. ಅಲ್ಲಿ ಉಪಾಧ್ಯಾಯರ ಸಂಖ್ಯೆಯೂ ಕಡಿಮೆ. ಆದರೆ ಗುಳಿಗೆಯನ್ನು ಲೆಕ್ಕದ ವಸ್ತುವೆಂದು ಹಂಚುವುದಕ್ಕೂ, ಅದು ಏತಕ್ಕೆಂದು ತಿಳಿದು ಹಂಚುವುದಕ್ಕೂ ವ್ಯತ್ಯಾಸವಿದೆ. 8.2 ಎಂಬ ಅಂಕಿಯನ್ನು ಕಂಡವಳು ನಾಳೆ ನೀಲಿ ಗುಳಿಗೆಯನ್ನು ಮಗುವಿನ ಅಂಗೈಯಲ್ಲಿಡುವಾಗ ಅದನ್ನು ಕಡತ ತುಂಬುವ ಕೆಲಸವೆಂದು ಎಣಿಸಲಾರಳು.

ಮನೆಯವರಿಗೆ ಎರಡು ಮಾತು

ಇದನ್ನು ಓದುವ ತಾಯಿತಂದೆಗಳು “ಇದೆಲ್ಲ ಹಳ್ಳಿಯ ಮಾತು” ಎಂದುಕೊಳ್ಳಬೇಕಾಗಿಲ್ಲ. ಪಟ್ಟಣದ ಮಗುವೂ ಕರಿಹಲಗೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತದೆ. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತದೆ. ಕರೆದಾಗ ಓಗೊಡದೆ ಟೀವಿಯ ಸದ್ದು ಏರಿಸುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತದೆ. ಅಂಕ ಕಡಿಮೆಯಾಯಿತೆಂದು ಮನೆಪಾಠಕ್ಕೆ ಕಳುಹಿಸುವ ಮುನ್ನ ಒಮ್ಮೆ ಕಣ್ಣು, ಕಿವಿ, ರಕ್ತ ಇವುಗಳನ್ನು ಪರೀಕ್ಷೆ ಮಾಡಿಸುವುದು ವಿವೇಕ. 2022ರ ಡಿಸೆಂಬರಿನಿಂದ ನಮ್ಮ ರಾಜ್ಯದ ನಗರಗಳಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಉಚಿತ ಚಿಕಿತ್ಸಾಲಯಗಳು ತೆರೆದಿವೆ. ಮನೆಯ ಬಳಿ ಅಂಥದೊಂದಿದ್ದರೆ ಕಾಲೇಜಿಗೆ ಹೋಗುವ ನಿಮ್ಮ ಮಗನನ್ನೋ ಮಗಳನ್ನೋ ಅಲ್ಲಿಗೆ ಕಳುಹಿಸಿ, ವಾರಕ್ಕೆರಡು ಗಂಟೆ ಕೆಲಸ ಮಾಡಲು ಅವಕಾಶವಿದೆಯೆ ಎಂದು ವಿಚಾರಿಸಬಹುದು. ರಾಷ್ಟ್ರೀಯ ಸೇವಾ ಯೋಜನೆಗೆ ಸೇರಿದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 120 ಗಂಟೆಯ ಸೇವೆ ಹೇಗೂ ಇದೆ. ಅದರಲ್ಲಿ ಒಂದು ಪಾಲು ಇತ್ತ ಹರಿದರೆ ನಷ್ಟವಿಲ್ಲ.

ನಮ್ಮ ತರುಣಿ ಈಗ ಬಿ.ಎಡ್. ವಿದ್ಯಾರ್ಥಿನಿ. ಅಭ್ಯಾಸ ಪಾಠ ಹೇಳಲು ತರಗತಿಯಲ್ಲಿ ನಿಂತಾಗ ಆಕೆ “ಗೊತ್ತಾಯಿತೆ?” ಎಂದು ಕೇಳುವುದಿಲ್ಲವಂತೆ. “ಮನೆಗೆ ಹೋಗಿ ತಮ್ಮನಿಗೆ ಇದನ್ನು ಹೇಗೆ ಹೇಳಿಕೊಡುತ್ತೀಯ?” ಎಂದು ಕೇಳುತ್ತಾಳೆ. ಹೀಗೆ ಕೇಳಿದರೆ ನಲವತ್ತು ನಿಮಿಷದ ಪಾಠಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆಂದು ಮೇಲ್ವಿಚಾರಕರು ಷರಾ ಬರೆದಿದ್ದಾರೆ. ಆ ಹತ್ತು ನಿಮಿಷವನ್ನು ಎಲ್ಲಿಂದ ತರುವುದೆಂದು ಆಕೆ ಈಗ ಯೋಚಿಸುತ್ತಿದ್ದಾಳೆ.